ಹದಿನೈದನೇ ಗಂಟೆಗೆ ಬೇಕಾದ ಸೈಕಲ್

ಪ್ರಶ್ನೆ: ನನಗೆ 38 ವರ್ಷ, ತೂಕ 78 ಕಿಲೋ. ಎರಡು ವರ್ಷದಿಂದ ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ. ಮೂರು ಸಲ 100 ಕಿ.ಮೀ. ಮುಗಿಸಿದ್ದೇನೆ. ಮೂರು ಸಲವೂ 70 ದಾಟಿದ ಮೇಲೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ಈ ವರ್ಷ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ), ಆಮೇಲೆ 300, 400 ಮಾಡುವ ಆಸೆ ಇದೆ. ಒಬ್ಬ ಗೆಳೆಯ ಎಂಟು ಕಿಲೋ ಕೂಡ ತೂಗದ ಕಾರ್ಬನ್ ರೇಸ್ ಸೈಕಲ್ ತಗೋ ಅಂತಾನೆ. ಇನ್ನೊಬ್ಬ ಸ್ಟೀಲ್ ಟೂರಿಂಗ್ ಸೈಕಲ್ ಬಿಟ್ಟು ಬೇರೆ ಏನೂ ನೋಡಬೇಡ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಕಾರ್ಬನ್ನು, ಸ್ಟೀಲು ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುದ್ದಿ ಆ ಎರಡು ಬೆರಳುಗಳದ್ದು. 70 ಕಿ.ಮೀ.ಗೆ ಶುರುವಾಗುವ ಜೋಮು 200ರಲ್ಲಿ ಏನಾಗುತ್ತದೆ, 400ರಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಸೈಕಲ್ ಆರಿಸುವಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹದಿನೈದನೇ ಗಂಟೆಯಲ್ಲಿ, ಕತ್ತಲಲ್ಲಿ, ಕೈಕಾಲು ಸೋತಾಗ ಈ ಸೈಕಲ್ ನನ್ನ ಜೊತೆ ಹೇಗಿರುತ್ತದೆ? ಹತ್ತು ನಿಮಿಷ ಓಡಿಸಿ ನೋಡಿದಾಗ ಹೇಗಿತ್ತು ಅನ್ನೋದು ಇದಕ್ಕೆ ಉತ್ತರ ಕೊಡುವುದಿಲ್ಲ. ಹತ್ತು ನಿಮಿಷಕ್ಕೆ ಎಲ್ಲಾ ಹೊಸ ಸೈಕಲ್ಲೂ ಚೆನ್ನಾಗಿಯೇ ಇರುತ್ತದೆ.

ಮೊದಲು ಬ್ರೆವೆಯ ಗಡುವಿನ ಲೆಕ್ಕ ನೋಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಊಟ, ನೀರು, ಪಂಕ್ಚರ್, ನಿದ್ದೆ ಎಲ್ಲಾ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಸರಾಸರಿ ಬಂದರೆ ಸಾಕು. ಓಡುವಾಗ 22ರ ವೇಗ ಇಟ್ಟುಕೊಂಡರೆ 300 ಕಿ.ಮೀ.ಗೆ ಸೀಟಿನ ಮೇಲೆ ಹದಿಮೂರೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ನಿಮಿಷಕ್ಕೆ 80 ಸುತ್ತು ಪೆಡಲ್ ತಿರುಗಿಸಿದರೆ ಅಷ್ಟು ಹೊತ್ತಿಗೆ ಸುಮಾರು 65,000 ಸುತ್ತು. ಅಂದರೆ ಒಂದೊಂದು ಮಂಡಿಯೂ 65,000 ಸಲ ಮಡಚಿ ಬಿಚ್ಚಬೇಕು. ಸೀಟು ಐದು ಮಿಲಿಮೀಟರ್ ಹೆಚ್ಚು ಕಡಿಮೆ ಇದ್ದರೆ ಒಂದು ಸುತ್ತಿಗೆ ಏನೂ ಆಗಲ್ಲ. 65,000 ಸುತ್ತಿಗೆ ಆಗುತ್ತದೆ.

ಹಾಗಾಗಿ ಮೊದಲ ವಿಷಯ ಅಳತೆ. ಮಧ್ಯದ್ದು, ಮೂರನೆಯದ್ದು, ಕೊನೆಯದ್ದು ಕೂಡ ಅಳತೆಯೇ ಅಂತ ಹೇಳುವಷ್ಟು ಇದು ದೊಡ್ಡದು. ಫ್ರೇಮಿನ ಮೇಲೆ ಬರೆದಿರುವ 54, 56, ಅಥವಾ ಎಂ, ಎಲ್ ನೋಡಿ ತೀರ್ಮಾನ ಮಾಡಬೇಡಿ. ಒಂದು ಕಂಪನಿಯ 54 ಇನ್ನೊಂದರ 54ಕ್ಕೆ ಹೊಂದಬೇಕು ಅಂತ ಏನೂ ಇಲ್ಲ. ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಂಕಿಗಳನ್ನು. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ಜಾಗದ ನಡುಬಿಂದುವಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿರುವ ಫ್ರೇಮಿನ ಮುಂದಿನ ಕೊಳವೆ) ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಅನ್ನೋದು ಸ್ಟ್ಯಾಕ್. ಅದೇ ತುದಿ ಎಷ್ಟು ಮುಂದಿದೆ ಅನ್ನೋದು ರೀಚ್. ಸ್ಟ್ಯಾಕನ್ನು ರೀಚಿನಿಂದ ಭಾಗಿಸಿ. ಒಂದು ಸೈಕಲ್‌ದು 545 ಮತ್ತು 385 ಇದ್ದರೆ 1.42 ಬರುತ್ತದೆ. ಅದು ರೇಸಿನ ಭಂಗಿ, ಬೆನ್ನು ಬಗ್ಗಿಸಿ ಚಾಚಿಕೊಂಡು ಕೂರಬೇಕು. ಇನ್ನೊಂದರದು 580 ಮತ್ತು 375 ಇದ್ದರೆ 1.55. ಅಲ್ಲಿ ಹ್ಯಾಂಡಲ್ ಮೇಲೆ ಬಂದಿರುತ್ತದೆ, ಹತ್ತಿರಕ್ಕೂ ಬಂದಿರುತ್ತದೆ. ದೂರದ ಸವಾರಿಗೆ 1.5ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರುವ ಫ್ರೇಮ್ ಹುಡುಕಿ. ಈ ಅಂಕಿಗಳು ಕಂಪನಿಗಳೇ ಕೊಡುವ ಅಳತೆಪಟ್ಟಿಯಲ್ಲಿ ಇರುತ್ತವೆ.

ಈಗ ನಿಮ್ಮ ಬೆರಳಿನ ವಿಷಯ. ಕಿರುಬೆರಳು, ಉಂಗುರ ಬೆರಳು ಮಾತ್ರ ಜೋಮು ಹಿಡಿದರೆ ಬಹುತೇಕ ಅಲ್ನಾರ್ ನರ ಒತ್ತಿಹೋಗುತ್ತಿದೆ ಅಂತ ಅರ್ಥ. ಅಂಗೈಯಲ್ಲಿ ಕಿರುಬೆರಳಿನ ಕಡೆಯ ದಿಂಡಿನ ಕೆಳಗೆ, ಮಣಿಕಟ್ಟಿನ ಹತ್ತಿರ, ಈ ನರ ಹಾದುಹೋಗುತ್ತದೆ. ಮೈಭಾರ ಕೈ ಮೇಲೆ ಬಿದ್ದಾಗ ಅದು ಹ್ಯಾಂಡಲ್ಲಿಗೂ ಮೂಳೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಇರುವುದು ಒಂದೇ ಜಾಗ, ಆದ್ದರಿಂದ ಗಂಟೆಗಟ್ಟಲೆ ಅದೇ ಜಾಗಕ್ಕೆ ಪೆಟ್ಟು. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ನೀವು ಮುಂದೆ ಜಾರುತ್ತಿರುತ್ತೀರಿ, ಅದನ್ನು ತಡೆಯುವ ಕೆಲಸವೂ ಕೈಗೇ ಬೀಳುತ್ತದೆ. ಇವತ್ತೇ ಸೀಟಿನ ಮೇಲೆ ಒಂದು ಮಟ್ಟದ ಹಲಗೆ ಇಟ್ಟು ನೋಡಿ, ಮೂತಿ ಕೆಳಗಿದ್ದರೆ ಸಮ ಮಾಡಿ. ಸವಾರಿ ಮುಗಿದು ಒಂದೆರಡು ದಿನ ಕಳೆದರೂ ಜೋಮು ಬಿಡದಿದ್ದರೆ, ಅಥವಾ ಬೆರಳಿನ ಬಲ ಕಡಿಮೆಯಾದಂತೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಇದನ್ನು ತಡೆದುಕೊಂಡು ಗಟ್ಟಿಯಾಗೋಣ ಅಂತ ಹೋಗಬೇಡಿ.

ಹೊಸ ಸೈಕಲ್ ಮೇಲೆ ಕೂತಾಗ ಹೀಗೆ ಪರೀಕ್ಷೆ ಮಾಡಿ. ಸಮನಾದ, ಗಾಡಿ ಓಡಾಡದ ಜಾಗದಲ್ಲಿ ನಿಧಾನವಾಗಿ ತುಳಿಯುತ್ತಾ ಬ್ರೇಕಿನ ರಬ್ಬರ್ ಹಿಡಿಯ ಮೇಲೆ ಕೈಯಿಡಿ. ಮೊಣಕೈ ಸ್ವಲ್ಪ ಬಗ್ಗಿರಲಿ. ಈಗ ಸೊಂಟ ಅಲ್ಲಾಡಿಸದೆ ಎರಡೂ ಅಂಗೈಗಳನ್ನು ಒಂದು ಇಂಚು ಮೇಲಕ್ಕೆತ್ತಿ. ಮುಂದಕ್ಕೆ ಮುಗ್ಗರಿಸಿದಂತಾದರೆ ನಿಮ್ಮ ಭಾರ ಕೈ ಮೇಲಿದೆ. ಎರಡು ಮೂರು ಕ್ಷಣ ಹಾಗೇ ನಿಲ್ಲಲು ಆದರೆ ಭಾರ ಸೀಟು ಮತ್ತು ಪೆಡಲ್ ಮೇಲಿದೆ. ಎರಡನೆಯದು ಆಗುವ ಸೈಕಲ್ ಬೇಕು.

ಶುರುವಿಗೆ ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಇರಲಿ, ಅಥವಾ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ. ಅದಕ್ಕಿಂತ ಕೆಳಗಿದ್ದರೆ ಕತ್ತು ಎತ್ತಿ ಎತ್ತಿ ಸೋಲುತ್ತದೆ. ಅಮೆರಿಕವನ್ನು ಅಡ್ಡಲಾಗಿ ದಾಟುವ ರೇಸ್ ಅಕ್ರಾಸ್ ಅಮೆರಿಕ ಸೈಕಲ್ ಸ್ಪರ್ಧೆಯಲ್ಲಿ, 1983ರಲ್ಲಿ, ಮೈಕೇಲ್ ಶರ್ಮರ್ ಎಂಬ ಸವಾರರ ಕತ್ತಿನ ಸ್ನಾಯು ಪೂರ್ತಿ ಸೋತು, ತಲೆ ಎತ್ತಿ ಹಿಡಿಯಲೂ ಆಗದೆ ಹೋಯಿತು. ಅಂದಿನಿಂದ ಆ ತೊಂದರೆಗೆ ಅವರದೇ ಹೆಸರು, ಶರ್ಮರ್ಸ್ ನೆಕ್. 200, 300ಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಕತ್ತು ನೋಯುತ್ತಿರುವವರು ರಸ್ತೆ ನೋಡುವುದನ್ನು ಕಡಿಮೆ ಮಾಡುತ್ತಾರೆ, ರಾತ್ರಿ ಹೊತ್ತು ಅದು ಅಪಾಯ. ಹೊಸ ಸೈಕಲ್ ತಗೊಂಡಾಗ ಫೋರ್ಕಿನ ಮೇಲಿನ ಕೊಳವೆಯನ್ನು ಗಿಡ್ಡ ಮಾಡಿ ಕತ್ತರಿಸಲು ಬಿಡಬೇಡಿ. ಸ್ಪೇಸರ್ ಬಳೆಗಳೆಲ್ಲ ಹಾಗೇ ಇರಲಿ. ಬೇಡ ಅನ್ನಿಸಿದರೆ ಆಮೇಲೆ ಇಳಿಸಬಹುದು, ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ.

ಸೀಟಿನ ಎತ್ತರಕ್ಕೆ ಹಳೆಯ ಉಪಾಯವೇ ಒಳ್ಳೆಯ ಆರಂಭ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲು ಇಟ್ಟು ತುಳಿಯುವಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿ ಬಾಗು ತಾನಾಗಿಯೇ ಉಳಿಯುತ್ತದೆ. ಇನ್ನು ಸೀಟು ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನೋದು ತುಂಬಾ ಜನರ ನಂಬಿಕೆ. ದೂರ ಹೋದಂತೆ ಅದು ತಿರುಗಿ ಬೀಳುತ್ತದೆ. ಮೆತ್ತನೆಯ ಜೆಲ್ ಸೀಟಿನಲ್ಲಿ ಕೂರುವ ಮೂಳೆಗಳು ಒಳಗೆ ಇಳಿದು, ನಡುವಿನ ಮೃದು ಭಾಗಕ್ಕೆ ಒತ್ತಡ ಬರುತ್ತದೆ. ಬೇಕಿರುವುದು ಸರಿಯಾದ ಅಗಲ. ಒಂದು ಗಟ್ಟಿ ಕುರ್ಚಿ ಮೇಲೆ ಅಲೆಅಲೆಯ ಪದರವಿರುವ ರಟ್ಟಿನ ತುಂಡು ಇಟ್ಟು, ತೆಳ್ಳನೆ ಬಟ್ಟೆಯಲ್ಲಿ ಅದರ ಮೇಲೆ ಕೂತು, ಪಾದ ಸ್ವಲ್ಪ ಎತ್ತಿ ಮುಂದಕ್ಕೆ ಬಾಗಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ ಕಾಣುತ್ತವೆ. ಸೀಮೆಸುಣ್ಣ ಉಜ್ಜಿದರೆ ಇನ್ನೂ ಸ್ಪಷ್ಟವಾಗುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಅದಕ್ಕೆ ಸುಮಾರು ಎರಡು ಸೆಂಟಿಮೀಟರ್ ಸೇರಿಸಿದರೆ ನೀವು ಹುಡುಕಬೇಕಾದ ಸೀಟಿನ ಅಗಲದ ಅಂದಾಜು ಸಿಗುತ್ತದೆ. ಸೈಕಲ್ ಜೊತೆ ಬಂದ ಸೀಟು ಹೊಂದದಿದ್ದರೆ ಮುಲಾಜಿಲ್ಲದೆ ಬದಲಿಸಿ. ನನ್ನ ಮಟ್ಟಿಗೆ ಅದು ಸೈಕಲ್ಲಿಗೆ ಸೇರಿದ್ದಲ್ಲ, ಸವಾರನಿಗೆ ಸೇರಿದ್ದು.

ಈಗ ನಿಮ್ಮ ಮೊದಲ ಗೆಳೆಯನ ಮಾತಿಗೆ ಬರೋಣ: ತೂಕ. ಹಗುರ ಸೈಕಲ್ ಎತ್ತಿದಾಗ ಕೈಗೆ ಖುಷಿಯಾಗುತ್ತದೆ, ನಿಜ. ಲೆಕ್ಕ ಹಾಕಿ ನೋಡೋಣ. 200 ಕಿ.ಮೀ. ದಾರಿಯಲ್ಲಿ ಒಟ್ಟು 2,000 ಮೀಟರ್ ಏರು ಇದೆ ಅಂತಿಟ್ಟುಕೊಳ್ಳಿ. ನಿಮ್ಮ ಸೈಕಲ್ 3 ಕಿಲೋ ಜಾಸ್ತಿ ತೂಗುತ್ತದೆ. ಆ 3 ಕಿಲೋವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಸುಮಾರು 59,000 ಜೂಲ್ ಶಕ್ತಿ ಬೇಕು. ನೀವು 150 ವಾಟ್ ಶಕ್ತಿಯಲ್ಲಿ ತುಳಿಯುವವರಾದರೆ ಅದು ಆರೂವರೆ ನಿಮಿಷದ ಕೆಲಸ. ಹದಿಮೂರೂವರೆ ಗಂಟೆಯಲ್ಲಿ ಆರೂವರೆ ನಿಮಿಷ! ಕೈ ಜೋಮು ಹಿಡಿದು ಒಂದು ಸಲ ಇಳಿದು ಕೈ ಕೊಡವಿ ನಿಂತರೆ ಅಷ್ಟು ಹೊತ್ತು ಹೋಗಿಬಿಡುತ್ತದೆ.

ಫ್ರೇಮ್ ಯಾವ ವಸ್ತುವಿನದು ಅನ್ನೋದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಟೀಲ್, ಅಲ್ಯೂಮಿನಿಯಂ, ಟೈಟಾನಿಯಂ, ಕಾರ್ಬನ್ ನಾಲ್ಕರಲ್ಲೂ ಜನ 1,200 ಕಿ.ಮೀ. ಮುಗಿಸಿದ್ದಾರೆ. ಅಲ್ಯೂಮಿನಿಯಂ ಎಲುಬು ಅಲ್ಲಾಡಿಸುತ್ತದೆ ಅನ್ನುವ ಮಾತು 23 ಮಿಲಿಮೀಟರ್ ಟೈರಿನ ಕಾಲದ್ದು. ಫ್ರೇಮ್ ನೋಡುವಾಗ ಇಷ್ಟು ಕೇಳಿ: 32 ಮಿಲಿಮೀಟರ್ ಟೈರ್ ಹಾಕಿ, ಅದರ ಮೇಲೆ ಮಡ್‌ಗಾರ್ಡ್ ಕೂರಿಸಲು ಜಾಗ ಇದೆಯಾ? ಮಡ್‌ಗಾರ್ಡ್, ಕ್ಯಾರಿಯರ್ ಕಟ್ಟಲು ಸ್ಕ್ರೂ ತೂತುಗಳಿವೆಯಾ? ಎರಡು ಬಾಟಲಿ ಹಿಡಿಯುತ್ತವೆಯಾ? ರೇಸ್ ಸೈಕಲ್‌ಗಳು ಸೋಲುವುದು ಇಲ್ಲೇ. ಕಾರ್ಬನ್ ಆದ ಕಾರಣಕ್ಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಬನ್‌ನಲ್ಲೇ ಎಂಡ್ಯೂರೆನ್ಸ್ (ದೂರದ ಸವಾರಿಗೆಂದೇ ಮಾಡಿದ) ಮಾದರಿಗಳು ಬರುತ್ತವೆ, ಮೇಲಿನ ಪ್ರಶ್ನೆಗಳಿಗೆಲ್ಲ ಹೌದು ಅನ್ನುವಂಥವು.

ಅಗಲ ಟೈರ್ ಅಂದರೆ ನಿಧಾನ ಅಲ್ವಾ ಅಂತ ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ನುಣುಪಾದ ಉಕ್ಕಿನ ಉರುಳೆ ಮೇಲೆ ಅಳೆದಾಗ ಗಾಳಿ ಜಾಸ್ತಿ ಇದ್ದಷ್ಟೂ ಟೈರ್ ಸಲೀಸಾಗಿ ಉರುಳುತ್ತದೆ. ರಸ್ತೆ ಉರುಳೆಯಷ್ಟು ನುಣುಪಾಗಿರುವುದಿಲ್ಲ. ಗಟ್ಟಿ ಟೈರು ಪ್ರತಿ ಸಣ್ಣ ಕಲ್ಲಿಗೂ ಸೈಕಲನ್ನೂ ಸವಾರನನ್ನೂ ಮೇಲಕ್ಕೆತ್ತಿ ಹಾಕುತ್ತದೆ. ಹಾಗೆ ಅಲುಗಾಡಿದ ಶಕ್ತಿ ನಿಮ್ಮ ಮಾಂಸಖಂಡದಲ್ಲೇ ಶಾಖವಾಗಿ ಹೋಗುತ್ತದೆ, ಮುಂದಕ್ಕೆ ಒಯ್ಯುವುದಿಲ್ಲ. ಅಗಲ ಟೈರಿಗೆ ಕಡಿಮೆ ಗಾಳಿ ಸಾಕು, ಅದು ಕಲ್ಲಿನ ಮೇಲೆ ತಾನೇ ಬಗ್ಗಿ ಹಾದುಹೋಗುತ್ತದೆ. ನಿಮ್ಮ ತೂಕಕ್ಕೆ 32 ಮಿಲಿಮೀಟರ್ ಟೈರಿನಲ್ಲಿ ಹಿಂದೆ 60 ಪಿಎಸ್ಐ, ಮುಂದೆ 55ರಿಂದ ಶುರು ಮಾಡಿ. ಆಮೇಲೆ ಎರಡೆರಡು ಪಿಎಸ್ಐ ಏರಿಸಿ ಇಳಿಸಿ ನೋಡಿ. ಟೈರಿನ ಪಕ್ಕದ ಗೋಡೆ ಬಗ್ಗುವಂತಿರಬೇಕು. ಪಂಕ್ಚರ್ ಆಗಬಾರದು ಅಂತ ದಪ್ಪ ರಬ್ಬರಿನ ಹಲಗೆಯಂಥ ಟೈರ್ ಹಾಕಿಕೊಂಡರೆ ಅಗಲ ಮಾಡಿದ್ದರ ಲಾಭ ಅರ್ಧ ಹೋಗುತ್ತದೆ.

ಟೈರಿನ ಬಗ್ಗೆ ಇನ್ನೊಂದು ಮಾತು, ಇದನ್ನು ನಾನು ನೋವು ತಿಂದು ಕಲಿತೆ. ಒಂದು 400 ಕಿ.ಮೀ. ಸವಾರಿಯಲ್ಲಿ ರಾತ್ರಿ ಎರಡು ಗಂಟೆ ಹೊತ್ತಿಗೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಸಣ್ಣ ಮಳೆ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಟೈರ್ ಬಿಚ್ಚಿ, ಒಳಗೆ ಕೈಯಾಡಿಸಿ, ಅಕ್ಕಿಕಾಳಿನ ಗಾತ್ರದ ಗಾಜಿನ ಚೂರು ತೆಗೆದೆ. ಅಲ್ಲಿಯವರೆಗೆ ಸರಿಯಾಗಿಯೇ ಹೋಯಿತು. ಹೊಸ ಟ್ಯೂಬ್ ಹಾಕಿ ಟೈರ್ ಕೂರಿಸಲು ಹೋದರೆ ಕೊನೆಯ ಒಂದು ಗೇಣು ಏನು ಮಾಡಿದರೂ ರಿಮ್ಮಿನೊಳಕ್ಕೆ ಇಳಿಯಲಿಲ್ಲ. ಆ ಟೈರು ಆ ರಿಮ್ಮಿಗೆ ಬಿಗಿ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಉಪಾಯ ಮಾಡಿ ಹಾಕಿದ್ದೆ. ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಕೊಂಡು ಬಂದರೆ ಕೊನೆಗೆ ಸಡಿಲ ಸಿಗುತ್ತದೆ. ಹದಿನೇಳು ಗಂಟೆ ಹ್ಯಾಂಡಲ್ ಹಿಡಿದ ಹೆಬ್ಬೆರಳಿನಲ್ಲಿ ಹಾಗೆ ಒತ್ತುವ ಬಲ ಉಳಿದಿರಲಿಲ್ಲ. ಟೈರ್ ಎಬ್ಬಿಸುವ ಒಂದು ಲಿವರ್ ಮುರಿಯಿತು. ಇನ್ನೊಂದರ ತುದಿ ಟ್ಯೂಬನ್ನು ಕಚ್ಚಿ ಮತ್ತೊಂದು ತೂತಾಯಿತು. ಐವತ್ತು ನಿಮಿಷ ರಸ್ತೆ ಪಕ್ಕ ಕೂತಿದ್ದೆ. ಅಂದಿನಿಂದ ಬರಿಗೈಯಲ್ಲಿ ಹಾಕಿ ತೆಗೆಯಲು ಬರುವ ಟೈರು, ರಿಮ್ಮಿನ ಜೋಡಿ ಬಿಟ್ಟು ಬೇರೆಯದನ್ನು ಇಟ್ಟುಕೊಂಡಿಲ್ಲ. ನೀವೂ ಸೈಕಲ್ ತಂದ ವಾರದೊಳಗೆ ಎರಡೂ ಟೈರ್ ಬಿಚ್ಚಿ ಹಾಕಿ ನೋಡಿ. ಟ್ಯೂಬ್‌ಲೆಸ್ ಹಾಕಿಸಿದರೂ ಒಂದು ಟ್ಯೂಬ್ ಚೀಲದಲ್ಲಿರಲಿ. ಒಳಗಿನ ಸೀಲಂಟ್ ದ್ರವ ಕೆಲವು ತಿಂಗಳಲ್ಲಿ ಒಣಗುತ್ತದೆ, ಅದನ್ನು ಆಗಾಗ ತುಂಬಿಸಬೇಕು.

1891ರಲ್ಲಿ ಫ್ರಾನ್ಸಿನ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಸ್ಪರ್ಧೆ ಗೆದ್ದ ಶಾರ್ಲ್ ತೆರೋಂ ಸುಮಾರು 1,200 ಕಿ.ಮೀ.ಯನ್ನು 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು. ಅವರ ಸೈಕಲ್‌ನಲ್ಲಿದ್ದದ್ದು ಮಿಶೆಲಿನ್ ಕಂಪನಿಯ, ದಾರಿಯಲ್ಲೇ ಬಿಚ್ಚಿ ಹಾಕಬಹುದಾದ ಟೈರು. ಆಗಿನ ಗಾಳಿ ಟೈರುಗಳನ್ನು ಸಾಮಾನ್ಯವಾಗಿ ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಈಗಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಗರಿಷ್ಠ 90 ಗಂಟೆ ಇದೆ, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ದಾರಿಯಲ್ಲಿ ರಿಪೇರಿ ಮಾಡಲು ಬರುವ ಸೈಕಲ್ಲಿಗೆ ಇರುವ ಬೆಲೆ ಅಂದಿನಂತೆ ಇಂದೂ ಇದೆ.

ಗೇರಿನಲ್ಲಿ ನೀವು ಜಿಪುಣತನ ಮಾಡಬೇಡಿ. ಹಗುರ ಗೇರ್ ಎಷ್ಟು ಹಗುರ ಅನ್ನೋದಷ್ಟೇ ಮುಖ್ಯ. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 7.8 ಕಿ.ಮೀ. ಶೇಕಡಾ 8ರ ಏರಿನಲ್ಲಿ, ಸಾಮಾನು ಸೇರಿ ಒಟ್ಟು 93 ಕಿಲೋ ಅಂದುಕೊಂಡರೆ, ಇದಕ್ಕೆ ಸುಮಾರು 170 ವಾಟ್ ಸಾಕು. ರೇಸ್ ಸೈಕಲ್‌ಗಳಲ್ಲಿ ಬರುವಂತೆ ಹಿಂದೆ 28 ಹಲ್ಲು ಇದ್ದರೆ ಅದೇ 60 ಸುತ್ತಿಗೆ 205 ವಾಟ್ ಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಸುತ್ತು 50ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಮಂಡಿ ಮೇಲೆ ಜಾಸ್ತಿ ಭಾರ. ಬೆಳಗಿನ ಮೊದಲ ಏರಿನಲ್ಲಿ ಇದು ಗೊತ್ತಾಗಲ್ಲ. 250ನೇ ಕಿ.ಮೀ.ಯ ಏರಿನಲ್ಲಿ ಮಂಡಿ ಚಿಪ್ಪಿನ ಸುತ್ತ ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ಎರಡು ಹಲ್ಲುಚಕ್ರ 50/34 ಇದ್ದರೆ ಹಿಂದೆ 34 ಇರಲಿ. ಮುಂದೆ 46/30 ಸಿಕ್ಕಿದರೆ ನಾನಾಗಿದ್ದರೆ ಅದನ್ನೇ ಆರಿಸುತ್ತೇನೆ. ದೊಡ್ಡ ಗೇರ್ ಕಡಿಮೆಯಾಯಿತು ಅಂತ ಇಳಿಜಾರಿನಲ್ಲಿ ಅನ್ನಿಸಬಹುದು. ಇಳಿಜಾರಿನಲ್ಲಿ ಸುಮ್ನೆ ಕೂತು ಕಾಲಿಗೆ ವಿಶ್ರಾಂತಿ ಕೊಡಿ.

ಹ್ಯಾಂಡಲ್ ಬಾಗಿದ್ದೇ ಇರಲಿ. ಮೇಲೆ, ಬ್ರೇಕ್ ಹಿಡಿ ಮೇಲೆ, ಕೆಳಗೆ ಅಂತ ಕೈಗೆ ಮೂರು ಜಾಗ ಸಿಗುತ್ತದೆ. ಕಾಲು ಗಂಟೆಗೊಮ್ಮೆ ಜಾಗ ಬದಲಿಸುವ ಅಭ್ಯಾಸ ಮಾಡಿಕೊಂಡರೆ ನಿಮ್ಮ ಆ ನರಕ್ಕೆ ಬಿಡುವು ಸಿಗುತ್ತದೆ. ಅಗಲ ಭುಜದಷ್ಟಿರಲಿ. ಬ್ರೇಕ್ ಡಿಸ್ಕ್ ಇದ್ದರೆ ಒಳ್ಳೆಯದು, ಮಳೆಯಲ್ಲಿ ನಂಬಬಹುದು, ಸೋತ ಬೆರಳಿಗೆ ಹೈಡ್ರಾಲಿಕ್ ಸುಲಭ. ಚಕ್ರಕ್ಕೆ 28 ಅಥವಾ 32 ಕಡ್ಡಿ ಇರಲಿ. 20 ಕಡ್ಡಿಯ ಚಕ್ರದಲ್ಲಿ ಒಂದು ಮುರಿದರೆ ರಿಮ್ ಓಲಾಡಿ ಅಲ್ಲಿಗೇ ಸವಾರಿ ಮುಗಿಯಬಹುದು, 32ರಲ್ಲಿ ಒಂದು ಹೋದರೂ ನಿಧಾನವಾಗಿ ಮನೆ ಸೇರಬಹುದು. ಗೇರ್ ಬದಲಿಸುವ ಹಿಂದಿನ ಡಿರೈಲರ್ ತೂಗುಹಾಕಿರುವ ಸಣ್ಣ ಹ್ಯಾಂಗರ್ ತುಂಡು ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು. ಸೈಕಲ್ ಕೊಳ್ಳುವ ದಿನವೇ ಒಂದು ಹೆಚ್ಚುವರಿ ಕೇಳಿ ತಗೊಳ್ಳಿ. ಬೇರೆ ಎಲ್ಲವನ್ನೂ ದಾರಿಯಲ್ಲಿ ಯಾರಾದರೂ ಕೊಡಬಹುದು, ಇದನ್ನು ಕೊಡಲು ಆಗುವುದಿಲ್ಲ.

ದೀಪದ ವಿಷಯ ಈಗಲೇ ತೀರ್ಮಾನ ಆಗಬೇಕಾಗಿಲ್ಲ. 200 ಕಿ.ಮೀ.ಗೆ ಬ್ಯಾಟರಿ ದೀಪ ಸಾಕು. ರಾತ್ರಿಯಿಡೀ ತುಳಿಯುವ 400ಕ್ಕೆ ಹೋಗುವಾಗ ಮುಂದಿನ ಚಕ್ರದ ಗುಂಬದಲ್ಲೇ ಡೈನಮೋ ಇರುವ ಚಕ್ರವನ್ನು ಯೋಚಿಸಿ. 6 ವೋಲ್ಟ್, 3 ವಾಟ್ ಕೊಡುತ್ತದೆ. ಎಳೆತ ಗೊತ್ತೇ ಆಗದಷ್ಟು ಕಡಿಮೆ. ಬೆಳಗಾಗುವ ಮುಂಚೆ ಬ್ಯಾಟರಿ ಮುಗಿದೀತಾ ಅನ್ನುವ ಚಿಂತೆ ತಲೆಯಿಂದ ಹೋಗುತ್ತದೆ. ಅದೇ ನನಗೆ ದೊಡ್ಡ ಲಾಭ. ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯದೆ ರಸ್ತೆ ಮೇಲೆ ಚಪ್ಪಟೆಯಾಗಿ ಹಾಸುವ ದೀಪ ಆರಿಸಿ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಾಗ ಡೈನಮೋ ಬೆಳಕು ಕುಂದುತ್ತದೆ, ಅದಕ್ಕೆ ತಲೆಗೊಂದು ಸಣ್ಣ ಬ್ಯಾಟರಿ ದೀಪ ಇರಲಿ.

ಇಷ್ಟೆಲ್ಲ ಆದ ಮೇಲೆ ಗೆಳೆಯರಿಬ್ಬರ ನಡುವೆ ನನ್ನ ತೀರ್ಪು: ರೇಸ್ ಸೈಕಲ್ ಬೇಡ. ಕ್ಯಾಂಪಿನ ಸಾಮಾನು ಹೊರಲು ಮಾಡಿದ ಭಾರದ ಟೂರಿಂಗ್ ಸೈಕಲ್ಲೂ ನಿಮಗೆ ಬೇಕಿಲ್ಲ, ನೀವು ಒಯ್ಯುವುದು ಒಂದು ಸಣ್ಣ ಚೀಲ. ನಡುವೆ ಇರುವ ಎಂಡ್ಯೂರೆನ್ಸ್ ರೋಡ್ ಅಥವಾ ಆಲ್-ರೋಡ್ ಮಾದರಿ ನೋಡಿ. ಸುಮಾರು 10 ಕಿಲೋ ತೂಕ, 32 ಮಿಲಿಮೀಟರ್ ಟೈರ್, ಒಂದಕ್ಕೊಂದು ಅಥವಾ ಅದಕ್ಕಿಂತ ಹಗುರ ಗೇರ್, ಎತ್ತರದ ಹ್ಯಾಂಡಲ್. ಫ್ರೇಮಿನ ವಸ್ತು ಯಾವುದಾದರೂ ಆಗಲಿ.

ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮೊದಲ 200ನ್ನು ಈಗಿರುವ ಹೈಬ್ರಿಡ್‌ನಲ್ಲೇ ಮುಗಿಸಿ. ಹ್ಯಾಂಡಲ್ಲಿನ ಎರಡೂ ತುದಿಗೆ ಬಾರ್ ಎಂಡ್ ಕೊಂಬು ಹಾಕಿಸಿ, ಕೈಗೆ ಎರಡನೇ ಜಾಗ ಸಿಗುತ್ತದೆ. ಅಂಗೈ ಅಗಲಕ್ಕೆ ಆಸರೆ ಕೊಡುವ ಹಿಡಿ ಹಾಕಿ. ಸೀಟು ಸಮ ಮಾಡಿ, ಒಳ್ಳೆಯ ಟೈರ್ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಮೂರು ಮೂರು ಮಿಲಿಮೀಟರ್. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಹದಿಮೂರೂವರೆ ಗಂಟೆ ಇದೆ, ಹೈಬ್ರಿಡ್‌ಗೆ ಅದು ಧಾರಾಳ.

ಹೋಗುವಾಗ ಜೇಬಿನಲ್ಲಿ ಒಂದು ಚೀಟಿ, ಪೆನ್ಸಿಲ್ ಇರಲಿ. ಪ್ರತಿ ಕಂಟ್ರೋಲಿನಲ್ಲಿ (ಬ್ರೆವೆ ದಾರಿಯ ತಪಾಸಣೆ ಜಾಗ) ನಿಂತಾಗ ಕಿಲೋಮೀಟರ್ ಬರೆದು, ಮುಂದೆ ಎಲ್ಲಿ ನೋಯುತ್ತಿದೆ ಅಂತ ಬರೆಯಿರಿ: ಕೈ, ಕತ್ತು, ಮಂಡಿ, ಕೂರುವ ಜಾಗ. ಏನೂ ನೋಯದಿದ್ದರೆ ಅದನ್ನೂ ಬರೆಯಿರಿ. ಮನೆಗೆ ಬಂದು ಮಲಗೆದ್ದರೆ ಅರ್ಧ ಮರೆತಿರುತ್ತೀರಿ, ಅದಕ್ಕೇ ದಾರಿಯಲ್ಲೇ ಬರೆಯಬೇಕು. ಹೊಸ ಸೈಕಲ್ ನೋಡಲು ಹೋಗುವಾಗ ಆ ಚೀಟಿಯನ್ನು ಜೊತೆಗೆ ಒಯ್ಯಿರಿ. ನನಗೂ ಒಂದು ಪ್ರತಿ ಕಳಿಸಿ, ಸ್ಟ್ಯಾಕ್ ಮತ್ತು ರೀಚ್ ಎಷ್ಟಿರಬೇಕು ಅಂತ ಅಂಕಿ ಹಿಡಿದು ಮಾತಾಡೋಣ.